ಜೀನುಗಳ ಮೌನೀಕರಣ ಮತ್ತು ಮಾರ್ಪಟ್ಟ ನ್ಯೂಕ್ಲಿಯಿಕ್ ಆಮ್ಲಗಳು

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಕ್ರಿ. ಶ. 1196ರ ಅಮೃತೇಶ್ವರ ದೇವಾಲಯವಿದೆ. ಅಲ್ಲಿ ಜನ್ನ ಕವಿಯ ಪದ್ಯಗಳುಳ್ಳ ಶಿಲಾಶಾಸನವಿರುವುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಶಾಸನತಜ್ಞರು ಕಲ್ಲನ್ನು ಸ್ಥಳದಲ್ಲಿಯೇ ಬಿಟ್ಟು, ಕಾಗದದ ಮೇಲೆ ಅದರ ಪಡಿಯಚ್ಚನ್ನು ತೆಗೆದು ಓದುತ್ತಾರೆ. ಜೀವಕೋಶದ ವ್ಯವಹಾರವೂ ಇಂತಹುದೇ. ಡಿ.ಎನ್.ಎ. ಕೋಶಕೇಂದ್ರದಲ್ಲಿಯೇ ಉಳಿಯುತ್ತದೆ, ಅದರ ಪಡಿಯಚ್ಚಿನಂತಿರುವ ಸಂದೇಶವಾಹಕ ಆರ್.ಎನ್.ಎ. ಹೊರಬಂದು ಪ್ರೋಟೀನಿನ ರಚನೆಯನ್ನು ನಿರ್ದೇಶಿಸುತ್ತದೆ. ಮೂಲವನ್ನು ಮುಟ್ಟದೆ ಈ ಸಂದೇಶವನ್ನು ಮಾತ್ರ ನಿಷ್ಫಲಗೊಳಿಸುವುದೇ ಜೀನಿನ ಮೌನೀಕರಣದ ಮುಖ್ಯ ವಿಧಾನ.

1978ರಲ್ಲಿ ಪಾಲ್ ಜಮೆಕ್ನಿಕ್ ಮತ್ತು ಮೇರಿ ಸ್ಟೀಫನ್‌ಸನ್ ಎಂಬ ಅಮೆರಿಕದ ವಿಜ್ಞಾನಿಗಳು 13 ಘಟಕಗಳ ಡಿ.ಎನ್.ಎ. ತುಣುಕೊಂದನ್ನು ವೈರಸ್ಸಿನ ಆರ್.ಎನ್.ಎ.ಗೆ ಜೊತೆಗೂಡಿಸಿ ಅದರ ವೃದ್ಧಿಯನ್ನು ತಡೆದರು. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಜೋಡಿ ಎಳೆಯ ಆರ್.ಎನ್.ಎ. ಈ ಕಾರ್ಯವನ್ನು ಇನ್ನೂ ಪ್ರಬಲವಾಗಿ ಮಾಡುವುದೆಂದು ತೋರಿಸಿ, 2006ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ತತ್ತ್ವವು ಸುಲಭವಾದರೂ ಪ್ರಯೋಗ ಕಠಿನ. ರಕ್ತದಲ್ಲಿರುವ ಕಿಣ್ವಗಳು ಇಂತಹ ತುಣುಕುಗಳನ್ನು ಬೇಗನೆ ಕತ್ತರಿಸಿಬಿಡುತ್ತವೆ. ಋಣವಿದ್ಯುದಂಶವುಳ್ಳ ಅವು ಕೋಶದ ಪೊರೆಯನ್ನು ದಾಟಲಾರವು. ರಸಾಯನಶಾಸ್ತ್ರವು ನೆರವಿಗೆ ಬಂದುದು ಇಲ್ಲಿಯೇ. ಬೆನ್ನೆಲುಬಿನ ಒಂದು ಆಮ್ಲಜನಕ ಪರಮಾಣುವಿಗೆ ಬದಲಾಗಿ ಗಂಧಕವನ್ನಿಟ್ಟರೆ ಕಿಣ್ವಗಳ ಹಾವಳಿ ತಗ್ಗುತ್ತದೆ. ಸಕ್ಕರೆಯ ಭಾಗದಲ್ಲಿ ಫ್ಲೂರಿನ್ನನ್ನು ಸೇರಿಸಿದರೂ ಬಾಳಿಕೆ ಹೆಚ್ಚುತ್ತದೆ. ಯಕೃತ್ತಿನ ಕೋಶಗಳು ಗುರುತಿಸುವ ಸಕ್ಕರೆಯನ್ನು ತುದಿಗೆ ಜೋಡಿಸಿದರೆ ಔಷಧಿಯು ಅಲ್ಲಿಗೇ ತಲುಪುತ್ತದೆ.

ಈ ಕ್ಷೇತ್ರಕ್ಕೆ ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದ ಕೆ. ಎನ್. ಗಣೇಶ್ ಅವರ ಕೊಡುಗೆಯೂ ಸಂದಿದೆ. 1991ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಸಕ್ಕರೆ ಮತ್ತು ಫಾಸ್ಫೇಟುಗಳನ್ನು ತೆಗೆದುಹಾಕಿ, ಪ್ರೋಟೀನನ್ನು ಹೋಲುವ ಬೆನ್ನೆಲುಬುಳ್ಳ ಪೆಪ್ಟೈಡ್ ನ್ಯೂಕ್ಲಿಯಿಕ್ ಆಮ್ಲವನ್ನು ಪ್ರಕಟಿಸಿದರು. ಇದನ್ನು ಕಿಣ್ವಗಳು ಕತ್ತರಿಸಲಾರವು. ಆದರೆ ಕೋಶದೊಳಕ್ಕೆ ಇದರ ಪ್ರವೇಶ ದುಸ್ತರ. ಪುಣೆಯಲ್ಲಿ ಗಣೇಶ್ ಮತ್ತು ಅವರ ಸಹೋದ್ಯೋಗಿಗಳು ಆ ಬೆನ್ನೆಲುಬಿಗೆ ವರ್ತುಲಗಳನ್ನೂ ಧನವಿದ್ಯುದಂಶವನ್ನೂ ಅಳವಡಿಸಿ, ಇಂತಹ ಕೊರತೆಗಳ ಪರಿಹಾರವನ್ನು ಅರಸಿದರು.

ಈ ಮಾರ್ಪಾಡುಗಳು ಕೇವಲ ಪ್ರಯೋಗಶಾಲೆಯ ಕುಶಲತೆಯೆಂದು ನಾವು ಭಾವಿಸಬಾರದು. ಮೂಲ ಡಿ.ಎನ್.ಎ. ಬದಲಾಗದೆ ಉಳಿಯುವುದರಿಂದ ಹೊಸ ಸಂದೇಶಗಳು ಹುಟ್ಟುತ್ತಲೇ ಇರುತ್ತವೆ. ಚಿಕಿತ್ಸೆಯನ್ನೂ ಮರಳಿ ಮರಳಿ ಕೊಡಬೇಕಾಗುತ್ತದೆ. 2018ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಪಟಿಸಿರಾನನ್ನು ಮೂರು ವಾರಗಳಿಗೊಮ್ಮೆ ಕೊಡಬೇಕಾಗಿತ್ತು. ಆಗ ಅದರ ನಿಗದಿತ ಬೆಲೆ ವರ್ಷಕ್ಕೆ 4,50,000 ಡಾಲರು. ಕೊಲೆಸ್ಟರಾಲಿಗಾಗಿ 2020ರಲ್ಲಿ ಯೂರೋಪಿನಲ್ಲಿ ಅನುಮೋದಿತವಾದ ಇನ್‌ಕ್ಲಿಸಿರಾನಿಗಾದರೋ, ಮೊದಲ ಎರಡು ಚುಚ್ಚುಮದ್ದುಗಳ ತರುವಾಯ ಆರು ತಿಂಗಳಿಗೊಂದು ಸಾಕು. ಬಾಳಿಕೆ ಹೆಚ್ಚಿದಂತೆ ರೋಗಿಯು ಆಸ್ಪತ್ರೆಗೆ ಅಲೆಯುವುದು ತಪ್ಪುತ್ತದೆ. ಬೆಲೆಯೂ ಇಳಿದಲ್ಲಿ ಮಾತ್ರ ಈ ವಿದ್ಯೆಯ ಫಲ ಸಾಮಾನ್ಯರಿಗೆ ದೊರಕೀತು.