ಬೆಂಕಿಯ ಮೇಲೆ ಮನೆ ಕಟ್ಟಿದವರು

ಯೂರೋಪಿನ ವಾಯವ್ಯಕ್ಕೆ, ಅಟ್ಲಾಂಟಿಕ್ ಮಹಾಸಾಗರದಲ್ಲಿ ಒಂಟಿಯಾಗಿ ನಿಂತಿರುವ ಐಸ್‌ಲೆಂಡ್ ದ್ವೀಪದ ಹೆಸರಿನಲ್ಲಿ ಹಿಮವಿದೆ, ಒಡಲಿನಲ್ಲಿ ಬೆಂಕಿಯಿದೆ. ವಿಸ್ತೀರ್ಣ ಸುಮಾರು 1,03,000 ಚದರ ಕಿಲೋಮೀಟರು. ಅದರಲ್ಲಿ ಹತ್ತನೆಯ ಒಂದು ಪಾಲನ್ನು ಹಿಮನದಿಗಳೇ ಆವರಿಸಿವೆ. ಕಾಡು ವಿರಳ, ಬೇಸಾಯ ಅತ್ಯಲ್ಪ. ನೆಲಸಿರುವವರು ಹೆಚ್ಚುಕಡಿಮೆ ನಾಲ್ಕು ಲಕ್ಷ ಮಂದಿ ಮಾತ್ರ. ಆದರೂ ಜೀವನಮಟ್ಟದಲ್ಲಿ ಇಂದು ಜಗತ್ತಿನ ಮೊದಲ ಸಾಲಿನ ರಾಷ್ಟ್ರಗಳಲ್ಲಿ ಅದರ ಗಣನೆ.

ಈ ಸಿರಿ ಸುಲಭವಾಗಿ ಬಂದುದಲ್ಲ. 1783ರಲ್ಲಿ ಲಾಕಿ ಎಂಬಲ್ಲಿ ನೆಲ ಬಿರಿದು ಎಂಟು ತಿಂಗಳ ಕಾಲ ಲಾವಾರಸ ಹೊರಬಂದಿತು. ವಿಷಾನಿಲದಿಂದ ಹುಲ್ಲುಗಾವಲು ಕೆಟ್ಟು ಕುರಿಕುದುರೆಗಳು ಸತ್ತುವು. ಅದರ ಬೆನ್ನಿಗೇ ಬಂದ ಕ್ಷಾಮಕ್ಕೆ ಐವರಲ್ಲಿ ಒಬ್ಬರು ಬಲಿಯಾದರು. ಅಂದು ಕೊಂದ ಕಾವನ್ನೇ ಜನ ಮುಂದೆ ಮನೆಯೊಳಕ್ಕೆ ಕರೆದುಕೊಂಡರು. 1930ರಲ್ಲಿ ರಾಜಧಾನಿ ರೇಕ್ಯಾವಿಕ್‌ನ ಬಿಸಿನೀರಿನ ಬುಗ್ಗೆಗಳಿಂದ ಸುಮಾರು ಮೂರು ಕಿಲೋಮೀಟರು ಕೊಳವೆ ಎಳೆದು ಒಂದು ಶಾಲೆಯನ್ನು ಬೆಚ್ಚಗಾಗಿಸಿದರು. ಇಂದು ಹತ್ತರಲ್ಲಿ ಒಂಬತ್ತು ಮನೆಗಳಿಗೆ ಭೂಗರ್ಭವೇ ಅಗ್ಗಿಷ್ಟಿಕೆ. ವಿದ್ಯುತ್ತು ಕೂಡ ಬಹುಮಟ್ಟಿಗೆ ನದಿಗಳಿಂದ ಮತ್ತು ನೆಲದೊಳಗಿನ ಹಬೆಯಿಂದಲೇ ದೊರೆಯುತ್ತದೆ. ಹಿಮ ಸುರಿಯುತ್ತಿರುವಾಗಲೂ ಊರೂರಿನ ಬಯಲು ಈಜುಕೊಳಗಳ ಬಿಸಿನೀರಿನಲ್ಲಿ ಕೊರಳವರೆಗೆ ಮುಳುಗಿ ಕುಳಿತು ಜನ ರಾಜಕಾರಣದ ಮಾತಾಡುತ್ತಾರೆ. ಅದೇ ಅವರ ಹರಟೆಕಟ್ಟೆ. ಬೆಂಕಿ ಪೂರ್ತಿ ಪಳಗಿತೆನ್ನಲಾಗದು: 2023ರ ನವೆಂಬರಿನಲ್ಲಿ ಗ್ರಿಂಡವಿಕ್ ಎಂಬ ಮೀನುಗಾರರ ಪಟ್ಟಣದವರೆಲ್ಲರೂ ಒಂದೇ ರಾತ್ರಿಯಲ್ಲಿ ಮನೆ ತೊರೆಯಬೇಕಾಯಿತು.

ಕಡಲೇ ಇವರ ಹೊಲ. ಮೀನುಗಾರಿಕೆಯ ಎಲ್ಲೆಯನ್ನು 1958ರಲ್ಲಿ 12 ನಾವಿಕ ಮೈಲಿಗೆ, 1972ರಲ್ಲಿ 50ಕ್ಕೆ, 1975ರಲ್ಲಿ 200ಕ್ಕೆ ವಿಸ್ತರಿಸಿದಾಗ ಬ್ರಿಟನ್ ಯುದ್ಧನೌಕೆಗಳನ್ನು ಕಳುಹಿಸಿತು. ಸ್ವಂತ ಸೈನ್ಯವೇ ಇಲ್ಲದ ಐಸ್‌ಲೆಂಡಿನ ಕಾವಲುನೌಕೆಗಳು ಬ್ರಿಟಿಷರ ಬಲೆಗಳ ಹಗ್ಗಗಳನ್ನೇ ಕತ್ತರಿಸಿದುವು. 1976ರಲ್ಲಿ ಬ್ರಿಟನ್ ಮಣಿಯಿತು. ಬಲೆಗಿಂತ ಬ್ಯಾಂಕು ಲಾಭವೆಂದು ನಂಬಿದ ಮೇಲೆ ಮಾತ್ರ ಪೆಟ್ಟು ಬಿದ್ದಿತು. 2008ರ ಅಕ್ಟೋಬರಿನಲ್ಲಿ ಮೂರು ದೊಡ್ಡ ಬ್ಯಾಂಕುಗಳು ಒಂದೇ ವಾರದಲ್ಲಿ ಕುಸಿದುವು. ಅನಂತರ ಕೈಹಿಡಿದವರು ಪ್ರವಾಸಿಗಳು.

ಸ್ತ್ರೀಯರ ಸ್ಥಾನವೂ ಹೋರಾಟದಿಂದಲೇ ಬಂದುದು. 1975ರ ಅಕ್ಟೋಬರ್ 24ರಂದು ನೂರಕ್ಕೆ ಸುಮಾರು ತೊಂಬತ್ತು ಮಂದಿ ಸ್ತ್ರೀಯರು ಮನೆಗೆಲಸ, ಕಚೇರಿಗೆಲಸ ಎರಡನ್ನೂ ನಿಲ್ಲಿಸಿದರು. 1980ರಲ್ಲಿ ವಿಗ್ದಿಸ್ ಫಿನ್ಬೊಗಾದೊತ್ತಿರ್ ಅಧ್ಯಕ್ಷೆಯಾದರು. ಜನಮತದಿಂದ ಆ ಪದವಿಗೇರಿದ ಜಗತ್ತಿನ ಪ್ರಥಮ ಮಹಿಳೆ ಅವರು. ಹೆಸರಿನ ಉತ್ತರಾರ್ಧಕ್ಕೆ ‘ಫಿನ್ಬೊಗಿಯ ಮಗಳು’ ಎಂದಷ್ಟೇ ಅರ್ಥ. ಮನೆತನದ ಹೆಸರಿಟ್ಟುಕೊಳ್ಳುವ ರೂಢಿ ಅಲ್ಲಿ ಅಪರೂಪ.

ನುಡಿಯ ವಿಷಯದಲ್ಲಿ ಈ ಜನರ ಛಲ ಇನ್ನೂ ಸೋಜಿಗದ್ದು. ಹದಿಮೂರನೆಯ ಶತಮಾನದ ‘ಸಾಗಾ’ ಗದ್ಯಕಥನಗಳನ್ನು ಇಂದಿನ ವಿದ್ಯಾರ್ಥಿಗಳೂ ಹೆಚ್ಚಿನ ತೊಡಕಿಲ್ಲದೆ ಓದಬಲ್ಲರು. ಡೆನ್ಮಾರ್ಕಿನಲ್ಲಿದ್ದ ಪ್ರಾಚೀನ ಹಸ್ತಪ್ರತಿಗಳ ಮೊದಲ ಕಂತು 1971ರಲ್ಲಿ ಹಡಗಿನಲ್ಲಿ ಮರಳಿದಾಗ ಬಂದರಿನಲ್ಲಿ ಸಾವಿರಾರು ಮಂದಿ ನೆರೆದಿದ್ದರು. ತೊಗಲಿನ ಪುಸ್ತಕಗಳಿಗೆ ಇಂತಹ ಸ್ವಾಗತ ಬೇರೆಲ್ಲಿ ದೊರೆತೀತು! ಹೊಸ ವಸ್ತುವಿಗೆ ಹಳೆಯ ಮಾತಿನಿಂದಲೇ ಹೆಸರು ಕಟ್ಟುವುದು ಅಲ್ಲಿಯ ಪದ್ಧತಿ. ದೂರವಾಣಿಗೆ ನೂಲೆಂಬ ಅರ್ಥದ ಪುರಾತನ ಪದ ‘ಸೀಮಿ’. ಗಣಕಯಂತ್ರಕ್ಕೆ ‘ಎಣಿಕೆ’, ‘ಕಣಿ ಹೇಳುವವಳು’ ಎಂಬ ಎರಡು ಪದಗಳನ್ನು ಬೆಸೆದು ಮಾಡಿದ ‘ಟೊಲ್ವ’. ಆದರೆ ಆ ಕಣಿಗಾರ್ತಿ ಮನೆಮನೆಗೆ ಹೊತ್ತು ತಂದಿರುವುದು ಇಂಗ್ಲಿಷನ್ನು. ಮಕ್ಕಳು ಆಟಕ್ಕೂ ನೋಟಕ್ಕೂ ಅದನ್ನೇ ನೆಚ್ಚತೊಡಗಿರುವುದು ಹಿರಿಯರನ್ನು ಕಳವಳಕ್ಕೆ ಈಡುಮಾಡಿದೆ. ಯಂತ್ರಗಳಿಗೇ ಐಸ್‌ಲೆಂಡಿನ ನುಡಿಯನ್ನು ಕಲಿಸುವ ಯೋಜನೆಯೊಂದನ್ನು ಅಲ್ಲಿಯ ಸರ್ಕಾರ 2019ರಲ್ಲಿ ಆರಂಭಿಸಿತು.