ಗೋಡೆಯೊಳಗಿನ ಸಡಿಲ ಗಂಟು

ಇಳಕಲ್ ಸೀರೆಯಲ್ಲಿ ಒಡಲಿಗೊಂದು ಹಾಸು, ಸೆರಗಿಗೊಂದು ಹಾಸು. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ರೇಷ್ಮೆ ಎಳೆಗೆ ಕುಣಿಕೆ ಹಾಕಿ ಕೂಡಿಸುವ ಕೆಲಸಕ್ಕೆ ಟೋಪ್ ತೆನಿ ಎನ್ನುತ್ತಾರೆ. ಅಲ್ಲಿ ಒಂದು ಎಳೆ ಸಡಿಲಾದರೂ ನೇಕಾರನ ಕಣ್ಣಿಗೆ ಬೀಳುತ್ತದೆ. ಅದೇ ಕೋಣೆಯ ಗೋಡೆಯಲ್ಲಿ ಎರಡು ವೈರುಗಳನ್ನು ಬರಿಗೈಲಿ ಹೊಸೆದು ಕಪ್ಪು ಟೇಪು ಸುತ್ತಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಭಯವೆಲ್ಲ ಆ ಗಂಟಿನದು.

ಆ ಗಂಟಿನ ಬಿಸಿ ಅಳೆಯುವ ಲೆಕ್ಕ ಹೈಸ್ಕೂಲಿನದೇ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ. ಇದು 1827ರಲ್ಲಿ ಓಮ್ ಹೇಳಿದ್ದು. ಎರಡನ್ನೂ ಗುಣಿಸಿದರೆ ವ್ಯಾಟ್. ವಿದ್ಯುತ್ ಮಗ್ಗದ ಮೋಟರಿಗೆ ಈ ಗುಣಾಕಾರ ನೇರವಾಗಿ ಹೊಂದುವುದಿಲ್ಲ, ಪವರ್ ಫ್ಯಾಕ್ಟರ್ ಅಡ್ಡ ಬರುತ್ತದೆ. ಹಾಗಾಗಿ ಪರೀಕ್ಷೆಗೆ ನೀರು ಕಾಯಿಸುವ 1500 ವ್ಯಾಟಿನ ಕಾಯಿಲ್ ಒಳ್ಳೆಯದು.

ಕಾಯಿಲ್ ಕಾಯುತ್ತಿರುವಾಗ ಮೀಟರ್ ಬೋರ್ಡಿನಲ್ಲಿ 228 ವೋಲ್ಟ್, ಮಗ್ಗದ ಕೋಣೆಯ ಪ್ಲಗ್ಗಿನಲ್ಲಿ 216, ಕರೆಂಟು 6 ಆಂಪಿಯರ್ ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಕಳೆದದ್ದು 12 ವೋಲ್ಟ್. ಆರರಿಂದ ಭಾಗಿಸಿ: 2 ಓಮ್. ಒಂದು ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 18 ಓಮ್; 20 ಮೀಟರ್ ಹೋಗಿ ಬಂದರೆ 0.72. ಉಳಿದ 1.28 ಓಮ್ ಎಲ್ಲಿದೆ? ಗಂಟುಗಳಲ್ಲಿ, ಸಡಿಲ ಸ್ಕ್ರೂಗಳಲ್ಲಿ. ಅಲ್ಲಿ ಹುಟ್ಟುವ ಬಿಸಿ ಸುಮಾರು 46 ವ್ಯಾಟ್. ರೇಡಿಯೊ ರಿಪೇರಿಯವರ 25 ವ್ಯಾಟಿನ ಬೆಸುಗೆ ಕಡ್ಡಿಯೇ ಸೀಸ ಕರಗಿಸುತ್ತದೆ!

ಕಾಯಿಲ್ ತೆಗೆದು ಮಗ್ಗ ಹಾಕೋಣ. ಒಂದು ಎಚ್‌ಪಿ ಮೋಟರು ಪೂರ್ತಿ ಭಾರದಲ್ಲಿ 6 ಆಂಪಿಯರಿನ ಆಸುಪಾಸು ಎಳೆಯುತ್ತದೆ; ಎರಡು ಮಗ್ಗಕ್ಕೆ 12. ಕರೆಂಟು ಇಮ್ಮಡಿಯಾದರೆ ಬಿಸಿ ನಾಲ್ಮಡಿ, ಅಂದರೆ 184 ವ್ಯಾಟ್. ಅದರಲ್ಲಿ ಬಹುಪಾಲು ಹುಣಸೆ ಬೀಜದಷ್ಟು ದೊಡ್ಡ ಒಂದೇ ಗಂಟಿನಲ್ಲಿ ಕೂತರೆ? ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿಯವರೆಗೆ. ಏಪ್ರಿಲ್‌ನಲ್ಲಿ ಇಳಕಲ್ಲಿನ ಗಾಳಿಯೇ 40 ಮುಟ್ಟುತ್ತದೆ. ಮೇಲಾಗಿ ಮಗ್ಗದ ನಡುಕಕ್ಕೆ ಸ್ಕ್ರೂ ಸಡಿಲಾಗುತ್ತದೆ, ಬಿಸಿಗೆ ತಾಮ್ರ ಕಪ್ಪಿಡುತ್ತದೆ, ರೋಧ ಏರುತ್ತದೆ, ಬಿಸಿ ಮತ್ತೂ ಏರುತ್ತದೆ. ಸ್ವಿಚ್‌ಬೋರ್ಡಿನ ಮೇಲೆ ಹತ್ತಿಯ ಧೂಳು ಮೆತ್ತಿಕೊಂಡೇ ಇರುತ್ತದೆ. ಮೇಲೆ ಹಳೆಯ ಮಾಳಿಗೆಯ ಕಟ್ಟಿಗೆ ಜಂತಿ.

ಎಂಸಿಬಿ ಇದೆಯಲ್ಲ ಎನ್ನಬೇಡಿ. 16 ಆಂಪಿಯರಿನ ಎಂಸಿಬಿ 12ಕ್ಕೆ ಬೀಳುವುದಿಲ್ಲ. ಅದು ಕರೆಂಟು ಹೆಚ್ಚಾಯಿತೇ ಎಂದು ನೋಡುತ್ತದೆಯೇ ಹೊರತು ಗಂಟು ಕಾದಿದೆಯೇ ಎಂದಲ್ಲ. ಮೊದಲು ಹಳದಿ ಬಲ್ಬು ಮಂಕಾಗಿ ಸುಳಿವು ಕೊಡುತ್ತಿತ್ತು. ಎಲ್‌ಇಡಿ ಬಂದ ಮೇಲೆ ಅದೂ ಹೋಯಿತು; ವೋಲ್ಟೇಜು ಸಾಕಷ್ಟು ಇಳಿದರೂ ಬಹಳಷ್ಟು ಎಲ್‌ಇಡಿಗಳು ಒಂದೇ ಸಮ ಉರಿಯುತ್ತವೆ. 2023ರ ಗೃಹಜ್ಯೋತಿಯಿಂದ ಸೊನ್ನೆ ಬಿಲ್ ಬರುವ ಮನೆಗಳಲ್ಲಿ ಪೋಲಾಗುವ ಯೂನಿಟ್ಟೂ ಕಣ್ಣಿಗೆ ಕಾಣದು. ಯೋಜನೆಯನ್ನು ದೂರುತ್ತಿಲ್ಲ, ಸುಳಿವುಗಳು ಒಂದೊಂದಾಗಿ ಕಳೆದುಹೋಗುತ್ತಿವೆ ಎನ್ನುತ್ತಿದ್ದೇನೆ.

ಉಳಿದ ಸುಳಿವು ಇಷ್ಟೇ: ಕಂದಿದ ಪ್ಲಗ್ಗು, ಸುಟ್ಟ ವಾಸನೆ, ಎರಡನೇ ಮಗ್ಗ ಶುರುವಾದಾಗ ನಿಧಾನವಾಗುವ ಫ್ಯಾನು. ಯುಗಾದಿಗೆ ಮುಂಚೆಯೇ ಲೈಸೆನ್ಸ್ ಇರುವ ವೈರ್‌ಮನ್‌ನನ್ನು ಕರೆಸಿ ಎರಡೂ ಕಡೆ ವೋಲ್ಟು ಅಳೆಸಿ. ಹೊಸೆದ ಗಂಟುಗಳನ್ನು ಬಿಚ್ಚಿಸಿ ಕನೆಕ್ಟರ್ ಹಾಕಿಸಿ, ಮಗ್ಗಕ್ಕೆ 2.5 ಚದರ ಮಿಲಿಮೀಟರಿನ ಬೇರೆ ವೈರೇ ಎಳೆಸಿ. ನೀವಾಗಿ ಬೋರ್ಡಿಗೆ ಕೈಹಾಕಬೇಡಿ.