ತೋಟ ಬಿಟ್ಟು ಹೋದವರೂ ಊರಿಗೆ ಒದಗಿಯಾರು
ಬೆಳಗಾವಿಯ ನೆಹರು ನಗರದಿಂದ ನಾವು ಕಲಿಯಬಹುದಾದ ಪಾಠ

ಜೂನ್ ತಿಂಗಳು ಬಂತೆಂದರೆ ನಮ್ಮ ಸದಸ್ಯರ ಮನೆಗಳಲ್ಲಿ ಎರಡು ಮಾತು ಒಟ್ಟಿಗೇ ನಡೆಯುತ್ತವೆ. ಮಳೆ ಹಿಡಿಯುವ ಮೊದಲು ಅಡಿಕೆಗೆ ಔಷಧಿ ಹೊಡೆದು ಮುಗಿದೀತೇ ಎಂಬುದು ಒಂದು. ಪರೀಕ್ಷೆ ಪಾಸಾದ ಮಗನನ್ನೋ ಮಗಳನ್ನೋ ಮುಂದೆ ಯಾವ ಓದಿಗೆ ಹಾಕುವುದು ಎಂಬುದು ಇನ್ನೊಂದು. ಕೊನೆಗಾರ ಸಿಕ್ಕಿದರೆ ಮೊದಲನೆಯ ಚಿಂತೆ ಕಳೆದಂತೆ. ಎರಡನೆಯದು ಅಷ್ಟು ಸುಲಭವಾಗಿ ಕಳೆಯುವುದಲ್ಲ. ಓದಿಸಿದರೆ ಮಕ್ಕಳು ತೋಟಕ್ಕೆ ಉಳಿಯುವುದಿಲ್ಲ, ಓದಿಸದಿದ್ದರೆ ಅವರ ಬಾಳು ಮುಂದೆ ಹೋಗುವುದಿಲ್ಲ ಎಂಬ ಮಾತನ್ನು ಸಂಘದ ಜಗುಲಿಯಲ್ಲಿ ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ.

ಈ ಅಳಲು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಬೇರೆ ಉದ್ಯೋಗ ಹಿಡಿದವನು ಊರಿಗೆ ಇಲ್ಲವಾದ ಎಂದು ತೀರ್ಮಾನಿಸುವ ಮೊದಲು, ಯಾವ ಉದ್ಯೋಗ ಯಾವ ರೀತಿಯಲ್ಲಿ ಹಳ್ಳಿಗೆ ಒದಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದಕ್ಕಾಗಿ ಈ ಸಲ ನಾವು ಬೆಳಗಾವಿಯ ನೆಹರು ನಗರದ ಒಂದು ಕೆಲಸವನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಹೊಲದ ಹಣ, ಶಾಲೆಯ ಮನೆ

ನೆಹರು ನಗರವನ್ನು ನಮ್ಮಲ್ಲಿ ಹಲವರು ದೊಡ್ಡ ಆಸ್ಪತ್ರೆಯ ಕಾರಣಕ್ಕೆ ಬಲ್ಲರು. ಅಲ್ಲಿರುವ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಲ್ಲಿ ಪ್ರಾರಂಭವಾಯಿತು. ಅದನ್ನು ಸ್ಥಾಪಿಸಿದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿ, ಅಂದರೆ ಎಲ್ಲರೂ ಕೆ. ಎಲ್. ಇ. ಎಂದು ಕರೆಯುವ ಸಂಸ್ಥೆ, 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿತು. ಹುಟ್ಟಿಸಿದವರು ಏಳು ಮಂದಿ ಶಿಕ್ಷಕರು.

ಆ ಸೀಮೆಯಲ್ಲಿ ವಿದ್ಯೆಗೆ ಬಂದ ಹಣದಲ್ಲಿ ಒಂದು ಪಾಲು ಮಣ್ಣಿನಿಂದಲೇ ಬಂದದ್ದು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟು ಹೋದರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಹೊಲದ ಹುಟ್ಟುವಳಿ ಶಾಲೆಯಾಯಿತು, ಶಾಲೆ ಕಾಲೇಜಾಯಿತು, ಕಾಲೇಜು ವೈದ್ಯರನ್ನು ಕೊಟ್ಟಿತು. ಆ ವೈದ್ಯರಿಂದ ಹೊಲದವನ ಮನೆಗೆ ಏನು ಮರಳಿತು ಎಂಬುದೇ ಈಗ ನಾವು ನೋಡಬೇಕಾದದ್ದು.

ದೂರವೇ ಮೊದಲ ಕಾಯಿಲೆ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿಲೋಮೀಟರ್. ಪೇಟೆಯಲ್ಲಿ ನಿಂತು ನೋಡಿದರೆ ಇದು ದೂರವೇ ಅಲ್ಲ. ಆದರೆ ಖಾನಾಪುರ ತಾಲೂಕಿನ ಪಶ್ಚಿಮ ಭಾಗ ನಮ್ಮ ಮಲೆನಾಡಿನಂಥದೇ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಭೀಮಗಡದ ಕಾಡು, ಅದರೊಳಗೆ ಚದುರಿದ ಹತ್ತಾರು ಮನೆಗಳ ಹಳ್ಳಿಗಳು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಕಡಿದುಹೋಗುತ್ತದೆ. ಕಾಡಿನೊಳಗಿನ ಊರಿನಿಂದ ರೋಗಿಯನ್ನು ಹೆಗಲ ಮೇಲೆ ಹೊತ್ತು ತಂದ ಸುದ್ದಿ ಈಚಿನ ವರ್ಷಗಳಲ್ಲೂ ಪತ್ರಿಕೆಗಳಲ್ಲಿ ಬಂದಿದೆ. ಒಂಟಿಮನೆಯ ತೋಟಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂಥ ದೂರದಲ್ಲಿ ಹೆಚ್ಚು ಅಪಾಯಕ್ಕೆ ಒಳಗಾಗುವವಳು ಬಾಣಂತಿ. ಮಗು ಹುಟ್ಟಿ, ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಳ್ಳಬೇಕು. ಆಗ ಒಳಗಿನ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಅದು ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ. ಕೆಲವೇ ಗಂಟೆಗಳಲ್ಲಿ ತಾಯಿಯ ಜೀವ ಹೋಗಬಹುದು. ಇದಕ್ಕೆ ಆಸ್ಪತ್ರೆಯಲ್ಲಿ ಒಳ್ಳೆಯ ಇಂಜೆಕ್ಷನ್ ಇತ್ತು, ಈಗಲೂ ಇದೆ. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚಬಲ್ಲ ಕೈ ಬೇಕು. ಕರೆಂಟು ನಿಲ್ಲದ, ವೈದ್ಯರು ಮುಟ್ಟದ ಹಳ್ಳಿಯ ಹೆರಿಗೆಗೆ ಆ ಔಷಧಿ ಇದ್ದೂ ಇಲ್ಲದಂತೆಯೇ.

ಮೂರು ಮಾತ್ರೆ

ನೆಹರು ನಗರದ ವೈದ್ಯರು ಈ ಕಡೆಯಿಂದಲೇ ಪ್ರಶ್ನೆಯನ್ನು ಹಿಡಿದರು. ಹಳ್ಳಿಯನ್ನು ಆಸ್ಪತ್ರೆಗೆ ತರಲಾಗದಿದ್ದರೆ, ಹಳ್ಳಿಯ ಕೈಗೆ ಒಗ್ಗುವ ಔಷಧಿ ಯಾವುದು? ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಹೊಟ್ಟೆಯ ಹುಣ್ಣಿಗೆಂದು ಮೊದಲು ಬಳಕೆಗೆ ಬಂದದ್ದು. ಅದು ಗರ್ಭಕೋಶವನ್ನು ಮುದುಡಿಸುತ್ತದೆ ಎಂಬುದು ವೈದ್ಯರಿಗೆ ತಿಳಿದಿತ್ತು. ಅದಕ್ಕೆ ತಂಪು ಬೇಡ, ಸೂಜಿ ಬೇಡ. ಆದರೆ ಮನೆಯಲ್ಲೋ ಉಪಕೇಂದ್ರದಲ್ಲೋ ಆಗುವ ಹೆರಿಗೆಯಲ್ಲಿ ಅದು ನಿಜವಾಗಿ ತಾಯಂದಿರನ್ನು ಕಾಯುತ್ತದೆಯೇ ಎಂಬುದು ಯಾರಿಗೂ ಖಚಿತವಿರಲಿಲ್ಲ.

2002ರಿಂದ 2005ರ ವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ಇದರ ಪರೀಕ್ಷೆ ನಡೆಯಿತು. ನೆಹರು ನಗರದ ಡಾ. ಬಿ. ಎಸ್. ಕೊಡ್ಕಣಿ, ಡಾ. ಎಸ್. ಎಸ್. ಗೌಡರ ಮುಂತಾದವರೂ ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರೂ ಕೂಡಿ ಮಾಡಿದ ಕೆಲಸ ಇದು. ಆದರೆ ಮಾತ್ರೆಯನ್ನು ತಾಯಂದಿರಿಗೆ ಕೊಟ್ಟವರು ಈ ದೊಡ್ಡ ವೈದ್ಯರಲ್ಲ. ಊರೂರು ತಿರುಗುವ ನಮ್ಮ ನರ್ಸಮ್ಮಂದಿರು, ಅಂದರೆ ಎ. ಎನ್. ಎಂ.ಗಳು. ಒಟ್ಟು 1620 ತಾಯಂದಿರು ಒಪ್ಪಿ ಇದರಲ್ಲಿ ಸೇರಿದರು. ಅರ್ಧದಷ್ಟು ಮಂದಿಗೆ ಹೆರಿಗೆಯಾದ ಕೂಡಲೇ 600 ಮೈಕ್ರೋಗ್ರಾಂ ಔಷಧಿ, ಎಂದರೆ ಮೂರು ಮಾತ್ರೆ. ಉಳಿದರ್ಧ ಮಂದಿಗೆ ನೋಡಲು ಅಂಥದೇ ಆದರೆ ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಹೋಯಿತೆಂಬುದು ಕೊಟ್ಟ ನರ್ಸಮ್ಮನಿಗೂ ತಿಳಿಯದು. ಹೊಸ ಗೊಬ್ಬರ ಹಾಕುವಾಗ ಒಂದು ಸಾಲು ಬಿಟ್ಟು ನೋಡುತ್ತೇವಲ್ಲ, ಅದೇ ನ್ಯಾಯ.

2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧಿಯಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ ಹೆಚ್ಚಿನ ರಕ್ತಸ್ರಾವವಾಗಿತ್ತು. ಔಷಧಿ ಪಡೆದವರಲ್ಲಿ ಅದು 6.4ಕ್ಕೆ ಇಳಿದಿತ್ತು. ಒಂದು ಲೀಟರಿಗೂ ಮಿಕ್ಕಿ ರಕ್ತ ಹೋದ ಕಠಿಣ ಪ್ರಸಂಗಗಳು ನೂರಕ್ಕೆ 1.2ರಿಂದ 0.2ಕ್ಕೆ ಇಳಿದಿದ್ದವು. 18 ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬಳು ತಾಯಿ ಆ ಅಪಾಯದಿಂದ ಪಾರು. ಚಳಿ, ನಡುಕ, ಜ್ವರ ಕೆಲವರಲ್ಲಿ ಕಂಡುಬಂದರೂ ಬೇಗ ಕಳೆದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಈ ಮಾತ್ರೆಯನ್ನು ತನ್ನ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹಳ್ಳಿಗಳಲ್ಲಿ ಬರೆದಿಟ್ಟ ಲೆಕ್ಕ ಬೇರೆ ದೇಶಗಳ ತಾಯಂದಿರಿಗೂ ಉಪಕಾರವಾಯಿತು.

ಒಂದು ಎಚ್ಚರಿಕೆ: ಈ ಮಾತ್ರೆಯನ್ನು ಯಾರೂ ತಾವಾಗಿಯೇ ತಂದು ಮನೆಯಲ್ಲಿಟ್ಟುಕೊಳ್ಳತಕ್ಕದ್ದಲ್ಲ. ಹೊತ್ತು ತಪ್ಪಿ ಕೊಟ್ಟರೆ ಅದೇ ಅಪಾಯ. ಈಗ ಕಾಲವೂ ಬದಲಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ದಿನ ತುಂಬುವ ಮೊದಲೇ ಆಸ್ಪತ್ರೆಯ ಹತ್ತಿರಕ್ಕೆ ಬಂದು ಉಳಿಯುವುದೇ ಕ್ಷೇಮ.

ಕಣ್ಣಂದಾಜು ಸಾಲದು

ಈ ಕೆಲಸದಲ್ಲಿ ನಮ್ಮ ಸಹಕಾರಿ ಬಂಧುಗಳು ವಿಶೇಷವಾಗಿ ಮೆಚ್ಚಬೇಕಾದ ಸಂಗತಿ ಇನ್ನೊಂದಿದೆ. ರಕ್ತ ಎಷ್ಟು ಹೋಯಿತೆಂದು ಅಳೆಯುವುದು ಹೇಗೆ? ಅಲ್ಲಿಯ ವರೆಗೆ ನಡೆದು ಬಂದದ್ದು ಕಣ್ಣಂದಾಜು. ಬಟ್ಟೆ ನೆನೆದದ್ದನ್ನು ನೋಡಿ ಇಷ್ಟಾಗಿರಬಹುದು ಎನ್ನುವುದು. ಈ ವೈದ್ಯರು ಕಡಿಮೆ ಖರ್ಚಿನ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ಅದನ್ನು ತಾಯಿಯ ಕೆಳಗೆ ಹಾಸಿದರೆ ರಕ್ತವೆಲ್ಲ ತುದಿಯ ಚೀಲಕ್ಕೆ ಇಳಿಯುತ್ತದೆ. ಚೀಲದ ಮೇಲೆ ಅಳತೆಯ ಗೆರೆಗಳಿವೆ. ಹೋಲಿಸಿ ನೋಡಿದಾಗ ಕಣ್ಣಂದಾಜಿನ ಲೆಕ್ಕ ಹಾಳೆಯ ಲೆಕ್ಕಕ್ಕಿಂತ ನೂರಕ್ಕೆ 33ರಷ್ಟು ಕಡಿಮೆ ಬಂದಿತ್ತು! ಮೂರು ಪಾಲು ರಕ್ತ ಹೋಗಿದ್ದರೆ ಕಣ್ಣು ಎರಡು ಪಾಲು ಎನ್ನುತ್ತಿತ್ತು. ಅಪಾಯ ಬಂದದ್ದೇ ತಿಳಿಯದೆ ಎಷ್ಟು ಮನೆಗಳಲ್ಲಿ ಹೊತ್ತು ಮೀರಿಹೋಗಿರಬೇಡ.

ಕಣ್ಣಂದಾಜಿನಲ್ಲಿ ಅಡಿಕೆ ಮಾರಿ ಸೋತ ತಲೆಮಾರಿನ ಮಕ್ಕಳು ನಾವು. ತಕ್ಕಡಿಯೂ ರಶೀದಿಯೂ ಬಂದ ಮೇಲೆಯೇ ಬೆಳೆಗಾರ ಚೇತರಿಸಿಕೊಂಡದ್ದು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದಾಗಲೂ ಅದರ ಜೀವಾಳ ಸರಿಯಾದ ಲೆಕ್ಕವೇ. ಆದ್ದರಿಂದ ಅಳತೆಯನ್ನು ಸರಿಪಡಿಸುವವನು, ಅವನು ವೈದ್ಯನಿರಲಿ, ಗುಮಾಸ್ತನಿರಲಿ, ಹಳ್ಳಿಯ ನಿಜವಾದ ಬಂಧು ಎಂದು ನಾವು ತಿಳಿಯುತ್ತೇವೆ.

ನಮ್ಮ ತೋಟದ ಹಳೆಯ ಸಾಕ್ಷಿ

ಬಾಣಂತಿಯ ಔಷಧಿಗೂ ಅಡಿಕೆ ತೋಟಕ್ಕೂ ಏನು ಸಂಬಂಧ ಎಂದು ಕೇಳುವವರು ಮೈಲುತುತ್ತ ಮತ್ತು ಸುಣ್ಣವನ್ನು ನೆನಪು ಮಾಡಿಕೊಳ್ಳಬೇಕು. ಕೊಳೆರೋಗಕ್ಕೆ ಒಂದು ಕಾಲದಲ್ಲಿ ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯವೆಂದರೆ ಕೊಟ್ಟೆ ಕಟ್ಟುವುದು. ಮರ ಮರ ಹತ್ತಿ, ಒಂದೊಂದು ಗೊನೆಗೂ ಮಳೆ ತಾಗದಂತೆ ಹೊದಿಕೆ ಹಾಕಬೇಕು. ಆಳು ಸಾಲದೆ ಉಳಿದ ಗೊನೆಗಳೆಲ್ಲ ಮಣ್ಣುಪಾಲು.

ಕೆನಡಾ ದೇಶದಲ್ಲಿ ಹುಟ್ಟಿದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಅವರ ಉದ್ಯೋಗ ಶಿಲೀಂಧ್ರ ಮತ್ತು ಕೀಟಗಳ ಅಭ್ಯಾಸ. ತೋಟ ಅವರದಲ್ಲ, ಭಾಷೆ ಅವರದಲ್ಲ. ಆದರೂ ಕೊಳೆರೋಗದ ಮೂಲವಾದ ಶಿಲೀಂಧ್ರವನ್ನು ಅಭ್ಯಸಿಸಿ 1910ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಗೆ ಹೊಡೆಯುತ್ತಿದ್ದ ದ್ರಾವಣವನ್ನು ಅಡಿಕೆಯ ಗೊನೆಗೆ ತಂದರು. ಇದರ ದೊಡ್ಡ ಗುಣವೇನೆಂದರೆ, ಬೆಳೆಗಾರ ತನ್ನ ತೋಟದ ಹಳ್ಳದ ದಂಡೆಯಲ್ಲೇ ಅದನ್ನು ಕೂಡಿಸಿಕೊಳ್ಳಬಹುದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಪಾಕ ಸರಿಯಾಯಿತೇ ಎಂದು ನೋಡಲು ಹೊಳೆಯುವ ಚೂರಿಯೊಂದನ್ನು ಅದ್ದಿದರೆ ಸಾಕು. ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಇಲ್ಲಿಯೂ ಕಣ್ಣಂದಾಜಿಗೆ ಜಾಗವಿಲ್ಲ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರದ ಹಿಂದೆಯೂ ಇದ್ದವರು ಕೋಲ್ಮನ್ನರೇ.

ಮೂರು ಮಾತ್ರೆಯೂ ಬೋರ್ಡೋ ದ್ರಾವಣವೂ ಒಂದೇ ಜಾತಿಯವು. ಎರಡನ್ನೂ ತೋರಿಸಿಕೊಟ್ಟವರು ಹೆಚ್ಚು ಓದಿದವರು. ಆದರೆ ಅವರು ಕೇಳಿಕೊಂಡ ಪ್ರಶ್ನೆ, ಕೊನೆಯ ಮನೆಯವನಿಗೆ ಇದು ನಿಲುಕೀತೇ ಎಂಬುದು. ಎರಡನ್ನೂ ಮುಟ್ಟಿಸಿದವರು ಕಡಿಮೆ ಸಂಬಳದ ಬೇರೆ ಕೈಗಳು. ಒಂದು ಕಡೆ ನರ್ಸಮ್ಮ, ಇನ್ನೊಂದು ಕಡೆ ಮಳೆಯಲ್ಲಿ ಮರವೇರಿದ ಕೊನೆಗಾರ. ಈಚೆಗೆ ನೆಲದಲ್ಲೇ ನಿಂತು ಉದ್ದನೆಯ ದೋಟಿಯಿಂದ ಔಷಧಿ ಹೊಡೆಯುವ ಅನುಕೂಲ ಬಂದಿದೆ. ಅದರ ಹಿಂದೆಯೂ ತೋಟವಿಲ್ಲದ ಯಾರೋ ಇಂಜಿನಿಯರರ ಓದಿದೆ.

ಉದ್ಯೋಗ ಹಲವು, ಊರು ಒಂದು

ನೆಹರು ನಗರದಲ್ಲಿ ವೈದ್ಯರು ಮಾತ್ರ ಇಲ್ಲ. 2006ರಲ್ಲಿ ಅಲ್ಲಿ ಆರಂಭವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೇಂದ್ರ ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯಾಗಿದೆ. ಸಸ್ಯಶಾಸ್ತ್ರ ಓದಿದವರು ಅಲ್ಲಿ ಘಟ್ಟದ ಗಿಡಮೂಲಿಕೆಗಳನ್ನು ಅಭ್ಯಸಿಸುತ್ತಾರೆ. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯಿದೆ. ಅಲ್ಲಿ ಮಣ್ಣಿನ ಗುಣ, ಸುಡುವ ಒಲೆಯ ಕಾವು, ಇವೇ ಪಾಠ. ಇವರಲ್ಲಿ ಯಾರನ್ನೂ ಕೃಷಿಕರೆಂದು ಸರ್ಕಾರ ಬರೆದುಕೊಳ್ಳುವುದಿಲ್ಲ. ಆದರೆ ಹಳ್ಳಿಯ ಬದುಕಿನ ಒಂದೊಂದು ಕಂಬವನ್ನು ಒಬ್ಬೊಬ್ಬರು ಹಿಡಿದಿದ್ದಾರೆ.

ಆದ್ದರಿಂದ ಮಗ ಏನು ಓದುತ್ತಾನೆ, ಮಗಳು ಏನು ಓದುತ್ತಾಳೆ ಎಂಬ ಚಿಂತೆಯನ್ನು ಸದಸ್ಯ ಬಾಂಧವರು ಸ್ವಲ್ಪ ಕಡಿಮೆ ಮಾಡಿಕೊಳ್ಳಲಿ. ಓದಿದ್ದನ್ನು ತಂದು ಊರಿನ ಯಾವ ಪ್ರಶ್ನೆಗೆ ಹಚ್ಚುತ್ತಾರೆ ಎಂಬುದನ್ನು ಹೆಚ್ಚಾಗಿ ವಿಚಾರಿಸಲಿ. ಪ್ರಶ್ನೆಯನ್ನು ಕೊಟ್ಟು ಕಳಿಸುವುದು ನಮ್ಮ ಕೆಲಸ. ತೋಟವನ್ನೇ ತೋರಿಸದೆ, ಲೆಕ್ಕವನ್ನೇ ಹೇಳದೆ ಬೆಳೆಸಿದ ಮಕ್ಕಳು ದೊಡ್ಡವರಾಗಿ ತೋಟವನ್ನು ಮರೆತರೆ ತಪ್ಪು ಅವರೊಬ್ಬರದೇ ಅಲ್ಲ.

ಇದರಲ್ಲಿ ಸಂಘವೂ ಒಂದು ಸಣ್ಣ ಕೆಲಸ ಮಾಡಬಹುದು. ಸದಸ್ಯರ ಮನೆಗಳಿಂದ ಹೊರಗೆ ಹೋಗಿ ಉದ್ಯೋಗದಲ್ಲಿರುವವರ ಪುಸ್ತಕವೊಂದನ್ನು ಸಂಘದ ಕಛೇರಿಯಲ್ಲಿ ಇಡಬೇಕೆಂಬುದು ನಮ್ಮ ಸಲಹೆ. ಹೆಸರು, ಊರು, ಓದು, ಈಗಿನ ಕೆಲಸ, ಹಬ್ಬಕ್ಕೆ ಊರಿಗೆ ಬರುವ ಸಮಯ, ಇಷ್ಟಿದ್ದರೆ ಸಾಕು. ಚೌತಿಗೋ ದೀಪಾವಳಿಗೋ ಬಂದಾಗ ಒಂದು ಮಧ್ಯಾಹ್ನ ಅವರನ್ನು ಸಂಘಕ್ಕೆ ಕರೆಯೋಣ. ಸನ್ಮಾನ, ಹಾರ, ಭಾಷಣ ಬೇಡ. ಮಣ್ಣು ಪರೀಕ್ಷೆಯ ಚೀಟಿ, ಒಣಗಿದ ಹಿಂಗಾರ, ಅರ್ಥವಾಗದ ಬ್ಯಾಂಕಿನ ಕಾಗದ, ಆಸ್ಪತ್ರೆಯ ಬಿಲ್ಲು, ಇವನ್ನು ಮುಂದಿಟ್ಟು ಕೇಳೋಣ. ಅವರಿಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಹತ್ತಿರ ಕೇಳಿಕೊಂಡು ಮುಂದಿನ ಹಬ್ಬಕ್ಕೆ ಉತ್ತರ ತರಲಿ. ಊರಿನ ನರ್ಸಮ್ಮನನ್ನೂ ಕೊನೆಗಾರರನ್ನೂ ಅದೇ ಸಾಲಿನಲ್ಲಿ ಕೂರಿಸಬೇಕು. ಉತ್ತರವನ್ನು ಮನೆ ಮುಟ್ಟಿಸಬೇಕಾದವರು ಅವರೇ.

ಈ ವರ್ಷದ ಮಹಾಸಭೆಯಲ್ಲಿ ಸದಸ್ಯರು ಈ ಸಲಹೆಯನ್ನು ಚರ್ಚಿಸಬೇಕೆಂದು ಕೋರುತ್ತೇವೆ. ಅಷ್ಟರೊಳಗೆ ಎರಡನೆಯ ಸಲದ ಔಷಧಿಯ ಹೊತ್ತೂ ಬಂದಿರುತ್ತದೆ. ಓದಲು ಹೊರಡುವ ಮಕ್ಕಳು ಇನ್ನೂ ಮನೆಯಲ್ಲೇ ಇದ್ದರೆ, ಆ ದಿನ ಸುಣ್ಣವನ್ನು ತೂಗಿ ಕೊಡುವ ಕೆಲಸವನ್ನು ಅವರ ಕೈಯಿಂದಲೇ ಮಾಡಿಸಿರಿ.